ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಹಳ್ಳಿಯ ದಾದಿ

ಪ್ರತಿ ವರ್ಷ ಮೇ ತಿಂಗಳ 12ನೆಯ ತಾರೀಖು ದಾದಿಯರ ದಿನವೆಂದು ಜಗತ್ತಿನಲ್ಲೆಲ್ಲ ಆಚರಿಸಲ್ಪಡುತ್ತದೆ. ಅಂದು ನಮ್ಮ ಸೀಮೆಯ ದವಾಖಾನೆಗಳಲ್ಲಿಯೂ ಒಂದು ಭಾವಚಿತ್ರಕ್ಕೆ ಹಾರ ಹಾಕಿ ಮೇಣಬತ್ತಿ ಹಚ್ಚುವುದುಂಟು. ಚಿತ್ರದಲ್ಲಿರುವವಳು ಕೈಯಲ್ಲಿ ದೀಪ ಹಿಡಿದ ಒಬ್ಬ ಆಂಗ್ಲ ಮಹಿಳೆ. ಯುದ್ಧದ ಆಸ್ಪತ್ರೆಯಲ್ಲಿ ನಡುರಾತ್ರಿ ಗಾಯಾಳುಗಳ ನಡುವೆ ದೀಪ ಹಿಡಿದು ತಿರುಗಿದ ಮಹಾತಾಯಿ ಎಂದು ನಾನೂ ಶಾಲೆಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದವನೇ. ಆಕೆ ಆ ದೀಪ ಹಿಡಿದು ತಿರುಗಿದ ಕಾಲ ಎರಡು ವರ್ಷ ಕೂಡ ತುಂಬಲಿಲ್ಲ. ಆದರೆ ಆಕೆ ಬದುಕಿದ್ದು ತೊಂಬತ್ತು ವರ್ಷ. ಉಳಿದ ಕಾಲವನ್ನೆಲ್ಲ ಆಕೆ ಹೇಗೆ ಕಳೆದಳು ಎಂಬ ಪ್ರಶ್ನೆ ನನಗೆ ಆಗ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವಳು ನನ್ನ ಅಕ್ಕ.

ಅಕ್ಕ ದಾದಿ. ನಾಲ್ಕು ವರ್ಷ ಬಿ.ಎಸ್‌ಸಿ. ನರ್ಸಿಂಗ್ ಓದಿ, ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಆಮೇಲೆ ಆರು ತಿಂಗಳ ಸಮುದಾಯ ಆರೋಗ್ಯದ ತರಬೇತಿ ಮುಗಿಸಿ, ಈಗ ಚಿಂಚೋಳಿ ತಾಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದಾಳೆ. ಹೋದ ದಸರೆಯ ರಜೆಯಲ್ಲಿ ಮನೆಗೆ ಬಂದಾಗ ತನ್ನ ಮೊದಲ ದಿನಗಳ ಒಂದು ಪೇಚಾಟವನ್ನು ಹೇಳಿದಳು. ತಾಂಡಾದ ಹೆಣ್ಣುಮಗಳೊಬ್ಬಳಿಗೆ ಗುಳಿಗೆ ಕೊಟ್ಟು, ದಿನಕ್ಕೆ ಮೂರು ಸಲ ಊಟದ ನಂತರ ತೆಗೆದುಕೊಳ್ಳಬೇಕೆಂದು ತಿಳಿಸಿ ಕಳಿಸಿದಳಂತೆ. ವಾರದ ಮೇಲೆ ನೋಡಿದರೆ ಗುಳಿಗೆಗಳಲ್ಲಿ ಮೂರನೆಯ ಒಂದು ಪಾಲು ಹಾಗೆಯೇ ಉಳಿದಿತ್ತು. ಆ ಮನೆಯಲ್ಲಿ ಊಟವೆಂಬುದು ಎರಡೇ ಹೊತ್ತು, ನಸುಕಿನಲ್ಲಿ ಕೂಲಿಗೆ ಹೊರಡುವಾಗ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಆ ಹೆಣ್ಣುಮಗಳು ಹೇಳಿದ ಮಾತನ್ನು ಮೀರಿರಲಿಲ್ಲ. ಊಟವಿಲ್ಲದ ಹೊತ್ತಿನ ಗುಳಿಗೆಯನ್ನು ಬಿಟ್ಟಿದ್ದಳು, ಅಷ್ಟೆ. ಇಂಥದನ್ನು ತನಗೆ ಆಸ್ಪತ್ರೆ ಕಲಿಸಲಿಲ್ಲವೆಂದೂ, ಆ ಊರಿನ ಆಶಾ ಕಾರ್ಯಕರ್ತೆ ಕಲಿಸಿದಳೆಂದೂ ಅಕ್ಕ ನಗುತ್ತ ಹೇಳಿದಳು. ಆ ಮೇಲೆ ಆಕೆಯೇ, ದೀಪದ ನೈಟಿಂಗೇಲಳಿಗೂ ಮುಪ್ಪಿನಲ್ಲಿ ಇದೇ ಚಿಂತೆ ಹತ್ತಿತ್ತಂತೆ, ಓದಿ ನೋಡು ಎಂದು ನನಗೆ ಸೂಚಿಸಿದಳು. ಓದಿದೆ. ಓದಿದ್ದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಫ್ಲಾರೆನ್ಸ್ ನೈಟಿಂಗೇಲ್ 1820ನೆಯ ಇಸವಿ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದಳು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಒಂದು ವರ್ಷ ಹಿರಿಯಳಾದ ಅಕ್ಕ ನೇಪಲ್ಸಿನಲ್ಲಿ ಹುಟ್ಟಿದ್ದರಿಂದ ಆ ಊರಿನ ಗ್ರೀಕ್ ಹೆಸರಾದ ಪಾರ್ಥೆನೋಪಿ ಎಂಬುದು ಆಕೆಯ ಪಾಲಿಗೆ ಬಂದಿತ್ತು. ತಂದೆ ವಿಲಿಯಂ ನೈಟಿಂಗೇಲ್ ದೊಡ್ಡ ಸ್ಥಿತಿವಂತ. ಬೇಸಗೆಗೆ ಒಂದು ಬಂಗಲೆ, ಚಳಿಗಾಲಕ್ಕೆ ಇನ್ನೊಂದು. ಹೆಣ್ಣುಮಕ್ಕಳಿಗೆ ಹೊಲಿಗೆ ಸಂಗೀತಗಳಿಗಿಂತ ಹೆಚ್ಚಿನ ವಿದ್ಯೆ ಬೇಡವೆಂದು ಲೋಕವೆಲ್ಲ ತಿಳಿದಿದ್ದ ಕಾಲದಲ್ಲಿ ಈ ತಂದೆ ತಾನೇ ಕುಳಿತು ಮಕ್ಕಳಿಗೆ ಲ್ಯಾಟಿನ್, ಗ್ರೀಕ್, ಇತಿಹಾಸಗಳನ್ನು ಕಲಿಸಿದನು. ಕಿರಿಯ ಮಗಳಿಗೆ ಗಣಿತದ ಹುಚ್ಚು. ಈ ಹುಚ್ಚನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಆಕೆಯ ಹರಿತವಾದ ಆಯುಧವಾಯಿತು.

ಹದಿನೇಳನೆಯ ವಯಸ್ಸಿನಲ್ಲಿ ತನಗೆ ದೇವರ ಕರೆ ಬಂದಿತೆಂದು ಆಕೆ ನಂಬಿದಳು. ಯಾವ ಕೆಲಸಕ್ಕೆ ಎಂಬುದು ತಿಳಿಯಲು ಮತ್ತೂ ಕೆಲವು ವರ್ಷ ಹಿಡಿದುವು. 1845ರಲ್ಲಿ, ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳಿದ್ದು ಶುಶ್ರೂಷೆ ಕಲಿಯುತ್ತೇನೆಂದು ಮನೆಯಲ್ಲಿ ಹೇಳಿದಾಗ ತಾಯಿಗೂ ಅಕ್ಕನಿಗೂ ಸಿಡಿಲು ಬಡಿದಂತಾಯಿತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ದಾದಿಯೆಂದರೆ ಬೇರೆ ಗತಿಯಿಲ್ಲದ, ಕುಡಿತಕ್ಕೆ ಹೆಸರಾದ, ಓದು ಬರಹವಿಲ್ಲದ ಹೆಂಗಸು ಎಂಬ ಅಪವಾದವಿತ್ತು. ನಮ್ಮಲ್ಲಿಯೂ ಮಗಳನ್ನು ನರ್ಸಿಂಗಿಗೆ ಕಳಿಸಲು ಹಿಂದೆ ಮುಂದೆ ನೋಡುವ ಮನೆಗಳು ಇಂದಿಗೂ ಇಲ್ಲದಿಲ್ಲ. ಆಕೆ ಎಂಟು ವರ್ಷ ಕಾದಳು. ಯೋಗ್ಯನಾದ ವರನೊಬ್ಬನನ್ನು ಬೇಡವೆಂದಳು. ಬೆಳಗಿನ ಜಾವದಲ್ಲಿ ಎದ್ದು ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು ಗುಟ್ಟಾಗಿ ಓದಿದಳು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಟ್ ಎಂಬಲ್ಲಿಯ ಕ್ರೈಸ್ತ ಸೇವಾಮಂದಿರದಲ್ಲಿ ಮೂರು ತಿಂಗಳಿದ್ದು ಕಲಿತಳು. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಒಂದು ಸಣ್ಣ ಆರೋಗ್ಯಮಂದಿರದ ಮೇಲ್ವಿಚಾರಕಿಯಾದಳು.

ಮರುವರ್ಷವೇ ರಷ್ಯಾದ ಮೇಲೆ ಕ್ರಿಮಿಯಾದ ಯುದ್ಧ ನಡೆದಿತ್ತು. ಗಾಯಗೊಂಡ ಆಂಗ್ಲ ಸಿಪಾಯಿಗಳಿಗೆ ಪಟ್ಟಿ ಕಟ್ಟುವವರೂ ಇಲ್ಲವೆಂದು ವೃತ್ತಪತ್ರಿಕೆಗಳಲ್ಲಿ ಸುದ್ದಿ ಬಂದು ದೇಶವೆಲ್ಲ ಕೋಲಾಹಲವಾಯಿತು. ಯುದ್ಧಮಂತ್ರಿ ಸಿಡ್ನಿ ಹರ್ಬರ್ಟನು ಆಕೆಯ ಸ್ನೇಹಿತ. ಅವನ ಕೋರಿಕೆಯ ಮೇರೆಗೆ 38 ಜನ ದಾದಿಯರನ್ನು ಕರೆದುಕೊಂಡು 1854ನೆಯ ನವೆಂಬರ್ 4ರಂದು ಆಕೆ ಕಾನ್ಸ್ಟಾಂಟಿನೋಪಲ್ಲಿನ ಎದುರು ದಂಡೆಯ ಸ್ಕುಟಾರಿಗೆ ಬಂದಿಳಿದಳು. ಮುಂದಿನದು ಪಾಠಪುಸ್ತಕದ ಕಥೆ. ಅದನ್ನು ಮತ್ತೆ ಹೇಳುವುದಿಲ್ಲ. ಚಿತ್ರದಲ್ಲಿರುವ ಹಣತೆಯಂಥ ದೀಪ ಮಾತ್ರ ಚಿತ್ರಕಾರರ ಕಲ್ಪನೆ, ಆಕೆ ಹಿಡಿದುದು ತುರ್ಕರ ಮಡಿಸುವ ಕಂದೀಲು ಎಂಬಷ್ಟನ್ನು ಹೇಳಿ ಮುಂದುವರಿಯುತ್ತೇನೆ.

ಪಾಠಪುಸ್ತಕ ಹೇಳದ ಮಾತು ಒಂದಿದೆ. ಆಕೆ ಬಂದ ಮೇಲೆ ಆಸ್ಪತ್ರೆ ಚೊಕ್ಕಟವಾಯಿತು, ಊಟ ಬಟ್ಟೆಗಳು ಸರಿಯಾದುವು, ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ದಾಖಲಾದ ನೂರು ಜನರಲ್ಲಿ ಸುಮಾರು 42 ಜನ ಸತ್ತರು. ಮಾರ್ಚಿಯಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗದವರು ಬಂದು ನೆಲ ಅಗೆಸಿದಾಗ ಕಂಡುದು ಭಯಂಕರ. ಆ ಮಹಾ ಕಟ್ಟಡ ಮುಚ್ಚಿಹೋದ ಹೊಲಸು ಗಟಾರಗಳ ಮೇಲೆಯೇ ನಿಂತಿತ್ತು. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಕೊಳೆಯುತ್ತ ಬಿದ್ದಿತ್ತು. ಗಟಾರ ತೊಳೆದು, ಕಿಟಕಿಗಳನ್ನು ತೆರೆಸಿ, ಗೋಡೆಗೆ ಸುಣ್ಣ ಬಳಿಸಿದ ಮೇಲೆ ಜೂನ್ ತಿಂಗಳಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡಕ್ಕೆ ಇಳಿಯಿತು.

1856ರಲ್ಲಿ ಮೆರವಣಿಗೆ ಸನ್ಮಾನಗಳನ್ನೆಲ್ಲ ತಪ್ಪಿಸಿಕೊಂಡು ಆಕೆ ಗುಟ್ಟಾಗಿ ಮನೆ ಸೇರಿದಳು. ಮರುವರ್ಷ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಕುಳಿತು ಯುದ್ಧದ ಲೆಕ್ಕಗಳನ್ನು ಪರಿಶೀಲಿಸಿದಾಗ, ಗುಂಡಿಗಿಂತ ರೋಗದಿಂದ ಸತ್ತವರೇ ಹಲವು ಪಾಲು ಹೆಚ್ಚೆಂಬುದೂ, ರಣರಂಗದ ಹತ್ತಿರದ ಹರಕು ಡೇರೆಗಳಿಗಿಂತ ತನ್ನ ಸ್ಕುಟಾರಿಯಲ್ಲಿಯೇ ಸಾವು ಹೆಚ್ಚಾಗಿತ್ತೆಂಬುದೂ ಆಕೆಗೆ ಸ್ಪಷ್ಟವಾಯಿತು. ದೇಶವೆಲ್ಲ ತನ್ನನ್ನು ದೇವತೆಯೆಂದು ಹಾಡುತ್ತಿರುವಾಗ ತನ್ನ ಕೈಕೆಳಗಿನ ಆಸ್ಪತ್ರೆಯೇ ಸಿಪಾಯಿಗಳನ್ನು ಕೊಂದಿತೆಂದು ಲೆಕ್ಕ ಹಾಕಿ ಒಪ್ಪಿಕೊಳ್ಳುವುದು ಸಾಮಾನ್ಯರ ಕೆಲಸವಲ್ಲ. ನನ್ನ ಮಟ್ಟಿಗೆ ಆಕೆಯ ದೊಡ್ಡಸ್ತಿಕೆ ದೀಪಕ್ಕಿಂತ ಹೆಚ್ಚಾಗಿ ಈ ಲೆಕ್ಕದಲ್ಲಿದೆ. ಅದನ್ನು ಬಣ್ಣದ ಚಿತ್ರಗಳಾಗಿ ಬರೆದು ಮಂತ್ರಿಗಳ ಮುಂದಿಟ್ಟಳು. 1858ರಲ್ಲಿ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. ಕ್ರಿಮಿಯಾದಲ್ಲಿ ಹತ್ತಿದ ಜ್ವರ ಬಿಡದೆ ಕಾಡಿ, ಮುಂದೆ ಬಹುಕಾಲ ಆಕೆ ಹಾಸಿಗೆಯ ಮೇಲಿನಿಂದಲೇ ಕೆಲಸ ಮಾಡಬೇಕಾಯಿತು.

1860ರಲ್ಲಿ ಸಾರ್ವಜನಿಕರು ಕೂಡಿಸಿಕೊಟ್ಟ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು. ಅಲ್ಲಿ ಕಲಿತವರು ದೇಶವಿದೇಶಗಳ ಆಸ್ಪತ್ರೆಗಳಿಗೆ ಹೋದರು. ಆದರೆ ಆಸ್ಪತ್ರೆಯ ಗೋಡೆಯ ಹೊರಗೆ, ಬಡವರ ಮನೆಗಳಲ್ಲಿ, ಯಾರು ಹೋಗಬೇಕು? ಲಿವರ್‌ಪೂಲಿನ ವರ್ತಕ ವಿಲಿಯಂ ರಾತ್‌ಬೋನ್ ಎಂಬವನು, ತನ್ನ ಹೆಂಡತಿಯ ಕೊನೆಗಾಲದಲ್ಲಿ ಆರೈಕೆ ಮಾಡಿದ ದಾದಿಯನ್ನೇ 1859ರಲ್ಲಿ ಬಡವರ ಮನೆಗಳಿಗೆ ಕಳಿಸಲು ತೊಡಗಿದ್ದನು. ಅವನು ನೈಟಿಂಗೇಲಳ ಸಲಹೆ ಕೇಳಿದನು. 1865ರಲ್ಲಿ ಆ ಊರಿನ ಅನಾಥಾಲಯದ ಆಸ್ಪತ್ರೆಗೆ ಆಕೆಯ ಶಾಲೆಯ 12 ಜನ ದಾದಿಯರೊಡನೆ ಆಗ್ನೆಸ್ ಜೋನ್ಸ್ ಹೋದಳು. ಮೂರು ವರ್ಷ ದುಡಿದು ಟೈಫಸ್ ಜ್ವರದಿಂದ ತೀರಿಕೊಂಡಳು. 1870ರ ದಶಕದಲ್ಲಿ ಲಂಡನ್ನಿನಲ್ಲಿ ಮನೆಮನೆಗೆ ಹೋಗುವ ದಾದಿಯರ ಸಂಸ್ಥೆ ಹುಟ್ಟಿತು. ಅದನ್ನು ನಡೆಸಿದ ಫ್ಲಾರೆನ್ಸ್ ಲೀಸ್ ಎಂಬವಳು, ಆಸ್ಪತ್ರೆಯಲ್ಲಿ ಪೂರ್ತಿ ಕಲಿತು ಬಂದವಳಿಗೂ ಓಣಿಯ ಕೆಲಸಕ್ಕೆಂದು ಮತ್ತೆ ಕೆಲವು ತಿಂಗಳ ಬೇರೆ ತರಬೇತಿ ಬೇಕೆಂದು ನಿಯಮ ಮಾಡಿದಳು. ನೈಟಿಂಗೇಲ್ 1876ರಲ್ಲಿ ಪತ್ರಿಕೆಗೆ ಬರೆದು ಇದನ್ನು ಬಲವಾಗಿ ಸಮರ್ಥಿಸಿದಳು. ಆಸ್ಪತ್ರೆಯಲ್ಲಿ ಬಿಸಿನೀರು, ಬಟ್ಟೆ, ವೈದ್ಯ ಎಲ್ಲವೂ ಕೈಗೆಟುಕುವಂತಿರುತ್ತವೆ. ಬಡವನ ಒಂದೇ ಕೋಣೆಯ ಮನೆಯಲ್ಲಿ ಇವಾವುವೂ ಇರುವುದಿಲ್ಲ. ಆದುದರಿಂದ ಓಣಿಯ ದಾದಿಗೆ ಆಸ್ಪತ್ರೆಯ ದಾದಿಗಿಂತ ಕಡಿಮೆಯಲ್ಲ, ಹೆಚ್ಚಿನ ಕಲಿಕೆ ಬೇಕು ಎಂಬುದು ಆಕೆಯ ನಿಲುವು.

ಇಷ್ಟರಲ್ಲಿ ಹಿಂದೂಸ್ಥಾನವು ಆಕೆಯ ಮನಸ್ಸನ್ನು ಹಿಡಿದಿತ್ತು. ಆಕೆ ಒಮ್ಮೆಯೂ ಇಲ್ಲಿಗೆ ಬರಲಿಲ್ಲ; ಆದರೂ ಮೂವತ್ತು ವರ್ಷಗಳಿಗೂ ಮಿಕ್ಕಿ ಇಲ್ಲಿಯ ಕಾಗದಪತ್ರಗಳಲ್ಲಿ ಮುಳುಗಿದ್ದಳು. ಇಲ್ಲಿಯ ಆಂಗ್ಲ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು. ಕಾರಣವರಿಯಲು 1859ರಲ್ಲಿ ರಾಜಾಯೋಗ ನೇಮಕವಾಯಿತು. ಪ್ರತಿಯೊಂದು ದಂಡಿಗೂ ಪ್ರಶ್ನಾವಳಿ ಕಳಿಸಲಾಯಿತು; ಬೆಂಗಳೂರು, ಬಳ್ಳಾರಿ, ಸಿಕಂದರಾಬಾದುಗಳಿಂದಲೂ ಉತ್ತರಗಳು ಹೋದುವು. ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಹೊಲಸು ಹರಿದು ಬರುತ್ತಿದ್ದುದನ್ನೂ ಆ ನೀರನ್ನೇ ಜನ ಕುಡಿಯುತ್ತಿದ್ದುದನ್ನೂ ಆಕೆ ತನ್ನ ಟಿಪ್ಪಣಿಯಲ್ಲಿ ಎತ್ತಿ ತೋರಿಸಿದಳು. ಲಂಡನ್ನಿನ ಹಾಸಿಗೆಯ ಮೇಲೆ ಮಲಗಿದ ಒಬ್ಬ ಹೆಂಗಸಿಗೆ ನಮ್ಮ ಕನ್ನಡನಾಡಿನ ಕೆರೆಯೊಂದರ ಗತಿ ತಿಳಿದಿದ್ದಿತೆಂಬುದು ಸೋಜಿಗವಲ್ಲವೆ! 1863ರಲ್ಲಿ ಹೊರಬಿದ್ದ ಆ ವರದಿ ಎರಡು ಸಾವಿರ ಪುಟಗಳನ್ನು ಮೀರಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಸಿಪಾಯಿಗಳ ಸಾವು ಸಾವಿರಕ್ಕೆ 18ಕ್ಕೆ ಇಳಿಯಿತು.

ಸಿಪಾಯಿಗಳ ಮಾತಾಯಿತು, ರೈತರ ಗತಿಯೇನು? 1876ರಿಂದ 78ರ ವರೆಗೆ ದಕ್ಷಿಣದಲ್ಲೆಲ್ಲ ಹಬ್ಬಿದ ಬರವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರವೆಂದು ನೆನೆಯುತ್ತಿದ್ದರು. ಶಹಾಬಾದ, ವಾಡಿಗಳ ಮೇಲೆ ಹಾದುಹೋಗುವ ಬೊಂಬಾಯಿ–ಮದರಾಸು ರೈಲುಹಾದಿ 1871ರಲ್ಲಿಯೇ ಪೂರ್ತಿಯಾಗಿತ್ತು. ಆದರೆ ರೈಲು ಮಳೆಯನ್ನು ತರುವುದಿಲ್ಲವಷ್ಟೆ. ರೈಲಿಗೆ ಸುರಿಯುವ ಹಣದಲ್ಲಿ ಕಾಲುವೆಗೂ ಪಾಲು ಇರಲೆಂದು ನೈಟಿಂಗೇಲ್ ವಾದಿಸಿದಳು. 1878ರಲ್ಲಿ ಹಿಂದೂಸ್ಥಾನದ ಜನರ ಮೇಲೆ ಒಂದು ದೀರ್ಘ ಲೇಖನ ಬರೆದು, ಸಾಲ, ಕಂದಾಯ, ಹಸಿವುಗಳಿಂದ ರೈತ ನುಗ್ಗಾದುದನ್ನು ಆಳುವವರ ಮುಖಕ್ಕೇ ಹೇಳಿದಳು. ದಂಡಿನ ಆರೋಗ್ಯದಿಂದ ಆರಂಭಿಸಿದವಳು ಹೀಗೆ ಹಳ್ಳಿಗೆ ಬಂದು ಮುಟ್ಟಿದಳು.

ಆಕೆಗೆ ಎಪ್ಪತ್ತು ತುಂಬಿದ ಮೇಲಿನ ಭಾಗವೇ ನನಗೆ ಬಹಳ ಹಿಡಿಸಿದ್ದು. ಅಕ್ಕ ಪಾರ್ಥೆನೋಪಿಯನ್ನು ಬಕಿಂಗ್‌ಹ್ಯಾಮ್‌ಶೈರಿನ ಕ್ಲೇಡನ್ ಎಂಬ ಹಳ್ಳಿಯ ಮನೆತನಕ್ಕೆ ಕೊಟ್ಟಿತ್ತು. ಅಲ್ಲಿಗೆ ಹೋಗಿ ಬರುತ್ತಿದ್ದ ನೈಟಿಂಗೇಲ್ ಆ ಸುತ್ತಿನ ಹಳ್ಳಿಗಳ ತಿಪ್ಪೆ, ಬಾವಿ, ಹಸುಗೂಸುಗಳ ಸಾವುಗಳನ್ನು ನೋಡಿದಳು. 1892ರಲ್ಲಿ ಅಕ್ಕನ ಮನೆತನದ ಫ್ರೆಡರಿಕ್ ವರ್ನಿಯ ಸಹಾಯದಿಂದ ಜಿಲ್ಲಾ ಮಂಡಳಿಯ ಶಿಕ್ಷಣ ನಿಧಿಯಲ್ಲಿ ಒಂದು ಹೊಸ ತರಬೇತಿಯನ್ನು ಏರ್ಪಡಿಸಿದಳು. ಓದು ಬಲ್ಲ ಹೆಂಗಸರನ್ನು ಆರಿಸಿ ಅವರಿಗೆ ಆರೋಗ್ಯಶಾಸ್ತ್ರದ ಉಪನ್ಯಾಸಗಳನ್ನು ಕೊಡುವುದು, ಅಷ್ಟಕ್ಕೇ ನಿಲ್ಲಿಸದೆ, ಆರೋಗ್ಯಾಧಿಕಾರಿಯಾದ ವೈದ್ಯನು ಅವರನ್ನು ಹಳ್ಳಿಯ ಗುಡಿಸಲುಗಳಿಗೆ ತನ್ನೊಡನೆ ಕರೆದೊಯ್ದು, ಏನನ್ನು ನೋಡಬೇಕು, ಹೇಗೆ ಮಾತನಾಡಬೇಕು ಎಂಬುದನ್ನು ಅಲ್ಲಿಯೇ ತೋರಿಸಿಕೊಡುವುದು, ಬಳಿಕ ಪರೀಕ್ಷೆ, ತೇರ್ಗಡೆಯಾದವರಿಗೆ ಸಂಬಳದ ನೇಮಕ. ಇವರಿಗೆ ಆರೋಗ್ಯ ಪ್ರಚಾರಕಿಯರು ಎಂದು ಕರೆಯಬಹುದು. ರೋಗಿಯ ಶುಶ್ರೂಷೆ ಬೇರೆ, ಆರೋಗ್ಯದ ಶುಶ್ರೂಷೆ ಬೇರೆ, ಎರಡಕ್ಕೂ ಕಲಿಕೆ ಬೇರೆಬೇರೆ ಎಂಬುದು ಆಕೆಯ ಮತ. ಹೋದವಳು ತಪಾಸಣೆಯ ಅಮಲ್ದಾರಳಂತೆ ಹೊಸಿಲು ತುಳಿಯಬಾರದು. ಮನೆಯೊಡತಿಯ ಮನಸ್ಸನ್ನು ಮೊದಲು ಗೆಲ್ಲಬೇಕು. ಅಕ್ಕನ ಗುಳಿಗೆಯ ಕಥೆಯನ್ನು ಕೇಳಿದ್ದರೆ ಈ ವೃದ್ಧೆ ನಗುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದಳು ಎಂದು ನನಗನಿಸುತ್ತದೆ.

ಇದೇ ಏರ್ಪಾಡು ಹಿಂದೂಸ್ಥಾನದ ಹಳ್ಳಿಗಳಿಗೂ ಬೇಕೆಂದು ಆಕೆ ಪಟ್ಟು ಹಿಡಿದಳು. ಬೊಂಬಾಯಿ ಪ್ರಾಂತದಲ್ಲಿ 1889ರಲ್ಲಿ ಗ್ರಾಮ ನೈರ್ಮಲ್ಯದ ಕಾಯಿದೆಯಾಗಿತ್ತು. ಕಾಯಿದೆಯಿಂದ ಹೊಲಸು ಹೋಗುವುದಿಲ್ಲ, ಹಣವೂ ತಿಳಿವಳಿಕೆಯೂ ಬೇಕೆಂದು ಆಕೆಗೆ ಗೊತ್ತಿತ್ತು. ಹಳ್ಳಿಯವರಿಂದ ಎತ್ತಿದ ಕರದಲ್ಲಿ ಮೊದಲ ಪಾಲು ಹಳ್ಳಿಯ ನೀರು ನೈರ್ಮಲ್ಯಕ್ಕೇ ಸಲ್ಲಬೇಕೆಂದು ಮನವಿ ಮಾಡಿದಳು. 1893ರಲ್ಲಿ ಹಿಂದೂಸ್ಥಾನದ ಹಳ್ಳಿಗಳಲ್ಲಿ ಕೊಡಬೇಕಾದ ಆರೋಗ್ಯ ಉಪನ್ಯಾಸಗಳ ಬಗೆಗೂ, 1896ರಲ್ಲಿ ಇಲ್ಲಿಯ ಗ್ರಾಮಗಳಿಗೆ ಬೇಕಾದ ಆರೋಗ್ಯ ಪ್ರಚಾರಕರ ಬಗೆಗೂ ಲೇಖನಗಳನ್ನು ಬರೆದಳು. ಆಗ ಆಕೆಗೆ ಎಪ್ಪತ್ತಾರು. ಆ ಮನವಿಗಳೆಲ್ಲ ಇಂಗ್ಲಿಷರ ಮುಲಕಿಗೆ ಸಂಬಂಧಿಸಿದುವು. ಸೇಡಂ, ಚಿಂಚೋಳಿಗಳು ನಿಜಾಮರ ಆಳ್ವಿಕೆಯಲ್ಲಿದ್ದುವು. ಇಂಗ್ಲಿಷರ ಮುಲಕಿನಲ್ಲಿಯಾದರೂ ಅವು ಆಕೆಯ ಕಾಲದಲ್ಲಿ ಫಲಿಸಿದುವೆಂದು ಹೇಳುವಂತಿಲ್ಲ.

ಆಕೆಯ ದೋಷಗಳನ್ನು ಮರೆಮಾಡುವುದು ನನ್ನ ಉದ್ದೇಶವಲ್ಲ. ರೋಗವು ಕೆಟ್ಟ ಗಾಳಿಯಿಂದ ಹುಟ್ಟುವುದೆಂಬ ಹಳೆಯ ನಂಬಿಕೆಯನ್ನು ಆಕೆ ಬಹುಕಾಲ ಬಿಡಲಿಲ್ಲ. ರೋಗಾಣುಗಳ ಮಾತನ್ನು ಒಪ್ಪಲು ತೀರ ತಡಮಾಡಿದಳು. ದಾದಿಯರ ಹೆಸರುಗಳನ್ನು ಪರೀಕ್ಷೆಯ ಮೂಲಕ ಸರಕಾರಿ ಪಟ್ಟಿಯಲ್ಲಿ ನೋಂದಾಯಿಸಬೇಕೆಂಬ ಚಳವಳಿಯನ್ನು ಆಕೆ ವಿರೋಧಿಸಿದಳು. ಒಳ್ಳೆಯ ನಡತೆಯನ್ನು ಪರೀಕ್ಷೆ ಅಳೆಯಲಾರದೆಂಬುದು ಆಕೆಯ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ನೋಂದಣಿ ಇಲ್ಲದಿದ್ದರೆ ಇಂದು ನನ್ನ ಅಕ್ಕನಂಥವರಿಗೆ ವೈದ್ಯರ ಮುಂದೆ ನಿಂತು ಮಾತನಾಡುವ ಸ್ಥಾನವೇ ಇರುತ್ತಿರಲಿಲ್ಲ. ಇಲ್ಲಿ ಆಕೆ ತಪ್ಪಿದಳೆಂದೇ ನನ್ನ ಅಭಿಪ್ರಾಯ.

ಆಕೆ ಬಯಸಿದುದು ಬಂದಿತು, ಬಹಳ ತಡವಾಗಿ, ಬೇರೆಯವರ ಕೈಯಿಂದ. 1946ರಲ್ಲಿ ಭೋರ್ ಸಮಿತಿಯು ಹಳ್ಳಿಗಾಗಿ ಆರೋಗ್ಯ ಕೇಂದ್ರಗಳನ್ನೂ ಸಾರ್ವಜನಿಕ ಆರೋಗ್ಯದ ದಾದಿಯರನ್ನೂ ಸೂಚಿಸಿತು. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ಪದವಿಯ ಶಿಕ್ಷಣ ಮೊದಲಾಯಿತು. 1965ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ವೈದ್ಯನೂ ಕೂಡಿ, ರೋಗ ಪರೀಕ್ಷಿಸಿ ಚಿಕಿತ್ಸೆ ಕೊಡಬಲ್ಲ ನರ್ಸ್ ಪ್ರಾಕ್ಟೀಷನರ್ ಎಂಬ ಹೊಸ ವರ್ಗದ ದಾದಿಯರನ್ನು ತಯಾರಿಸತೊಡಗಿದರು. 2007ರಲ್ಲಿ ಆ ದೇಶದ ಕನೆಕ್ಟಿಕಟ್ ರಾಜ್ಯದ ಒಂದು ಸಮುದಾಯ ಆರೋಗ್ಯ ಕೇಂದ್ರವು, ಅಂಥ ಪದವಿ ಪಡೆದು ಬಂದವರಿಗೂ ಕೇಂದ್ರದಲ್ಲಿಯೇ ಮತ್ತೆ ಒಂದು ವರ್ಷದ ತರಬೇತಿಯನ್ನು ಆರಂಭಿಸಿತು. ಪದವಿ ಮುಗಿದ ಮೇಲೂ ಬಡವರ ನಡುವಿನ ಕೆಲಸಕ್ಕೆ ಬೇರೆ ಕಲಿಕೆ ಬೇಕೆಂಬ, ಫ್ಲಾರೆನ್ಸ್ ಲೀಸ್ ಮಾಡಿದ ಹಳೆಯ ನಿಯಮವೇ ಇದು. ನಮ್ಮ ದೇಶದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಎರಡು ವರ್ಷಗಳ ಸ್ನಾತಕೋತ್ತರ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವನ್ನು ತೀವ್ರ ನಿಗಾ ಘಟಕಗಳಿಗಾಗಿ ರೂಪಿಸಿತು. ಅದರ ಕಲಿಕೆ ನಡೆಯುವುದು ದೊಡ್ಡ ಆಸ್ಪತ್ರೆಗಳಲ್ಲಿ. 2018ರಿಂದ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಮೊದಲು ದೊರೆತುದು ಆರು ತಿಂಗಳ ತರಬೇತಿ.

ಆರು ತಿಂಗಳು ಸಾಕೆ? ಬಯಲುಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರವೆಂಬುದು ಸರಕಾರದ ಗೊತ್ತುವಳಿ. ಅಷ್ಟು ಜನರ ರಕ್ತದೊತ್ತಡ, ಸಕ್ಕರೆರೋಗ, ಬಸುರಿ ಬಾಣಂತಿಯರ ತಪಾಸಣೆ, ಇವೆಲ್ಲ ಒಬ್ಬ ದಾದಿಯ ಮೊದಲ ನೋಟಕ್ಕೆ ಬರುತ್ತವೆ. ಊರೂರಿಗೆ ಕಷ್ಟ ಬೇರೆ. ವಾಡಿ, ಶಹಾಬಾದಗಳಲ್ಲಿ ಸಿಮೆಂಟು, ಫರಸಿ ಕಲ್ಲಿನ ಧೂಳಿನಲ್ಲಿ ದುಡಿದವನ ಕೆಮ್ಮು. ಚಿಂಚೋಳಿಯ ತಾಂಡಾಗಳಲ್ಲಿ ದುಡಿಯಲು ಪಟ್ಟಣಕ್ಕೆ ಹೋಗಿ ತುಂಬುಬಸುರಿಯಾಗಿ ಮರಳುವವಳ ಹೆರಿಗೆ. ಸೇಡಂ, ಚಿತ್ತಾಪುರಗಳ ಹೊಲಗಳಲ್ಲಿ ತೊಗರಿಗೆ ಹೊಡೆಯುವ ಔಷಧಿಯಿಂದ ತಲೆತಿರುಗಿ ಬಿದ್ದವನು. ಇವನ್ನು ಕಲಿಸಲು ನಮ್ಮ ಸಮುದಾಯ ಆರೋಗ್ಯ ಕೇಂದ್ರಗಳಿಗಿಂತ ಒಳ್ಳೆಯ ಶಾಲೆ ಎಲ್ಲಿದೆ? ಮೂವತ್ತು ಹಾಸಿಗೆ, ತಜ್ಞ ವೈದ್ಯರ ಹುದ್ದೆಗಳು, ಸುತ್ತಲೂ ಲಕ್ಷ ಜನರ ಹಳ್ಳಿಗಳು. ಪದವಿ ಮುಗಿಸಿದ ದಾದಿಯರಿಗೆ ಅಲ್ಲಿಯೇ, ವೈದ್ಯರ ಜೊತೆಗೆ, ಒಂದೆರಡು ವರ್ಷದ ಸ್ನಾತಕೋತ್ತರ ತರಬೇತಿ ನಡೆದರೆ ಅದನ್ನು ಮೊದಲು ಸೇರುವವಳು ತಾನೆಂದು ಅಕ್ಕ ಹೇಳುತ್ತಾಳೆ. ಆದರೆ ಹುದ್ದೆಗಳು ಕಾಗದದ ಮೇಲಿದ್ದರೆ ಸಾಲದು. ಕಲಿಸುವ ವೈದ್ಯರು ಅಲ್ಲಿ ನೆಲೆನಿಲ್ಲಬೇಕು ಎಂದೂ ಜೊತೆಗೆ ಸೇರಿಸುತ್ತಾಳೆ.

ನೈಟಿಂಗೇಲಳಿಗೆ ಇದಾವುದೂ ಕಾಣಸಿಗಲಿಲ್ಲ. ಕೊನೆಯ ಹತ್ತು ವರ್ಷ ಕಣ್ಣು ಹೋಗಿ, ನೆನಪೂ ಕುಗ್ಗಿತ್ತು. 1907ರಲ್ಲಿ ರಾಜನು ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನು ಕೊಟ್ಟನು. ಅದನ್ನು ಪಡೆದ ಮೊದಲ ಮಹಿಳೆ ಆಕೆ. 1910ನೆಯ ಆಗಸ್ಟ್ 13ರಂದು ಲಂಡನ್ನಿನ ಮನೆಯಲ್ಲಿ ನಿದ್ರೆಯಲ್ಲಿಯೇ ಕಾಲವಾದಳು. ರಾಜರೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿ ಮಾಡೋಣವೆಂದು ಸರಕಾರ ಮುಂದೆ ಬಂದಾಗ, ಆಕೆಯ ಇಷ್ಟದಂತೆ ಮನೆಯವರು ಅದನ್ನು ಒಪ್ಪಲಿಲ್ಲ. ತಂದೆ ತಾಯಿಗಳಿದ್ದ ಹಳ್ಳಿಯ ಸಣ್ಣ ಇಗರ್ಜಿಯ ಅಂಗಳಕ್ಕೆ ಆರು ಜನ ಸಿಪಾಯಿಗಳು ಹೊತ್ತು ನಡೆದರು. ಅಲ್ಲಿಯ ಕಲ್ಲಿನ ಮೇಲೆ ಆಕೆಯ ಪಾಲಿಗೆ ಕೆತ್ತಿರುವುದು ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ಕಾಲ, ತೀರಿಕೊಂಡ ಕಾಲ.